ಮಟ್ಟಿಗೆ ಯಾವ ಊರು?

ಲಿಂಗದಹಳ್ಳಿಯ ಒಂದು ಮದುವೆಯ ಮನೆಯಲ್ಲಿ ನಡೆದ ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಪ್ರಾರಂಭಿಸುತ್ತೇನೆ. ಪ್ರಸಂಗ ಸಣ್ಣದು, ಅದು ನನ್ನಲ್ಲಿ ಎಬ್ಬಿಸಿದ ಪ್ರಶ್ನೆ ಮಾತ್ರ ಸಣ್ಣದಲ್ಲವೆಂದು ತೋರುತ್ತದೆ.

ಧಾರೆ ಮುಗಿದಿತ್ತು. ನೆಂಟರು ಅಕ್ಷತೆ ಹಾಕಿ ಊಟದ ಪಂಕ್ತಿಯತ್ತ ಸರಿಯುತ್ತಿದ್ದರು. ಚಪ್ಪರದ ಮೂಲೆಯಲ್ಲಿ ಕುಳಿತಿದ್ದ ಓಲಗದವರು ಅಲ್ಲಿಯವರೆಗೆ ನುಡಿಸುತ್ತಿದ್ದ ಕೀರ್ತನೆಯನ್ನು ಬಿಟ್ಟು, ಕುಪ್ಪಳಿಸುವ ಕಾಲಿನ ಒಂದು ಹೊಸ ಧಾಟಿಯನ್ನು ಎತ್ತಿಕೊಂಡರು. ಮಕ್ಕಳು ಓಡಿಬಂದು ಸುತ್ತ ನಿಂತವು. ಅಡಿಗೆಯವರೂ ಒಂದು ಗಳಿಗೆ ಸೌಟನ್ನು ನಿಲ್ಲಿಸಿ ಕಿವಿಗೊಟ್ಟರು. ಕಚೇರಿಗಳ ಕೊನೆಯಲ್ಲಿ ಕೇಳಿಬರುವ 'ಇಂಗ್ಲಿಷ್ ನೋಟು' ಅದು. ಅಷ್ಟರಲ್ಲಿ ಬೀಗರ ಕಡೆಯ ವಿದ್ಯಾವಂತರೊಬ್ಬರು ಎದ್ದು ಬಂದು, "ಇದೇನಯ್ಯ, ಇಂಗ್ಲಿಷರ ಕುಣಿತದ ಮಟ್ಟನ್ನು ಮಂಗಳಕಾರ್ಯದಲ್ಲಿ ಊದುತ್ತೀಯಲ್ಲ! ನಮ್ಮದು ಯಾವುದೂ ಸಿಕ್ಕಲಿಲ್ಲವೆ?" ಎಂದರು. ನಾಗಸ್ವರದ ಮುದುಕ ಓಲೆಯನ್ನು ತುಟಿಯಿಂದ ತೆಗೆದು, ಮೆಲ್ಲಗೆ, "ನಮ್ಮಪ್ಪಾನೂ ಇದನ್ನೇ ನುಡಿಸ್ತಿದ್ರು ಸ್ವಾಮಿ. ನಮ್ಮದಲ್ಲದೆ ಇನ್ಯಾರ್ದು?" ಎಂದ. ಹಾಗೆ ಹೇಳಿದವನು ಮತ್ತೆ ನುಡಿಸಲಿಲ್ಲ. ಆ ಹೊತ್ತಿನ ಓಲಗ ಅಲ್ಲಿಗೆ ಮುಗಿಯಿತು.

ನಾನು ಅಲ್ಲೇ ಇದ್ದೆ. ಮೂವತ್ತು ವರ್ಷ ಪಾಠ ಹೇಳಿದವನು, ಸ್ವರ ಬರೆದುಕೊಳ್ಳುವಷ್ಟು ಸಂಗೀತ ಬಲ್ಲವನು, ಆದರೂ ಸುಮ್ಮನಿದ್ದೆ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ಆಕ್ಷೇಪಿಸಿದ ಮಹನೀಯರ ಮಾತಿನಲ್ಲಿದ್ದ ತಪ್ಪನ್ನು ತಿದ್ದಬೇಕು. 'ಇಂಗ್ಲಿಷ್ ನೋಟು' ಇಂಗ್ಲಿಷರದಲ್ಲ. ಅದನ್ನು ರಚಿಸಿದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945). ಚಾಮುಂಡಾಂಬೆಯ ಮೇಲೆ ಅಷ್ಟೋತ್ತರಶತ ಕೀರ್ತನೆಗಳನ್ನು ರಚಿಸಿದ, ಮೈಸೂರಿನ ಆಸ್ಥಾನ ವಿದ್ವಾಂಸರು. ಪಾಶ್ಚಾತ್ಯ ವಾದ್ಯಮೇಳದ ನಡೆಯನ್ನು ಕೇಳಿ, ಅದನ್ನು ಶಂಕರಾಭರಣದ ಸ್ವರಗಳಲ್ಲಿ ವಿನೋದವಾಗಿ ಹಿಡಿದಿಟ್ಟರು. ಅವರ ಶಿಷ್ಯರಾದ ಮಧುರೆ ಮಣಿ ಅಯ್ಯರ್ ಅವರು ಅದನ್ನು ಕಚೇರಿಗಳಲ್ಲಿ ಹಾಡಿ ಜನಪ್ರಿಯಗೊಳಿಸಿದರು. ಹೀಗಿರುವಾಗ ಮೈಸೂರು ಅರಮನೆಯ ವಿದ್ವಾಂಸರು ಮಾಡಿದ್ದು ತರೀಕೆರೆ ಸೀಮೆಯ ಚಪ್ಪರಕ್ಕೆ ಹೊರಗಿನದು ಹೇಗಾದೀತು?

ಆದರೆ ವಾದವನ್ನು ಇಷ್ಟಕ್ಕೇ ಮುಗಿಸಿದರೆ ಅದು ಜಾಣತನವಾದೀತೇ ಹೊರತು ಪ್ರಾಮಾಣಿಕತೆಯಾಗಲಾರದು. ಅವರು ಇನ್ನೊಂದು ಮಟ್ಟನ್ನು ಹೆಸರಿಸಿ ಆಕ್ಷೇಪಿಸಿದ್ದರೆ ಆಗ ಏನು ಹೇಳುತ್ತಿದ್ದೆ? ನಿಜವಾಗಿಯೂ ಸಮುದ್ರ ದಾಟಿ ಬಂದ, ಪಿಟೀಲಿನ ಮೇಲೆ ಕುಣಿತಕ್ಕಾಗಿ ಹುಟ್ಟಿದ ಮಟ್ಟುಗಳು ನಮ್ಮ ಸಂಗೀತದಲ್ಲಿ ಉಂಟು. ಅವುಗಳ ಕಥೆ ಗಟ್ಟಿಯಾದದ್ದು, ಅದನ್ನೇ ನೋಡೋಣ.

'ಪಿಟೀಲು' ಎಂಬ ಮಾತೇ ಮೊದಲ ಸಾಕ್ಷಿ. ಇಂಗ್ಲಿಷಿನಲ್ಲಿ ಪಂಡಿತರ ಬಾಯಲ್ಲಿ 'ವಯೊಲಿನ್' ಆದ ವಾದ್ಯ ಹಳ್ಳಿಗರ ಬಾಯಲ್ಲಿ 'ಫಿಡ್ಲ್'. ಕನ್ನಡಿಗರ ನಾಲಿಗೆಗೆ ಹತ್ತಿದ್ದು ಆ ಹಳ್ಳಿಗರ ಮಾತು. ಫಿಡ್ಲ್ ನಮ್ಮಲ್ಲಿ ಪಿಟೀಲಾಯಿತು. ತಿರುಮಕೂಡಲಿನ ಚೌಡಯ್ಯನವರು ನಾಡಿಗೆಲ್ಲ ಪಿಟೀಲು ಚೌಡಯ್ಯನವರಾದರು. ರೋಮ್ ಉರಿಯುವಾಗ ನೀರೋ ಚಕ್ರವರ್ತಿಯ ಕೈಗೂ ನಾವು ಪಿಟೀಲನ್ನು ಕೊಟ್ಟುಬಿಟ್ಟೆವು. ಆ ವಾದ್ಯ ಉತ್ತರ ಇಟಲಿಯಲ್ಲಿ ಹುಟ್ಟಿದ್ದು ನೀರೋ ಸತ್ತ ಸಾವಿರದ ನಾನೂರು ವರ್ಷಗಳಿಗೂ ಆಚೆಗೆ!

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಿಟೀಲಿನವನ ಸ್ಥಾನ ನಮ್ಮ ಓಲಗದವನ ಸ್ಥಾನಕ್ಕೆ ಬಹಳ ದೂರವಲ್ಲ. ಸುಗ್ಗಿ, ಮದುವೆ, ಸಂತೆ, ಎಲ್ಲಕ್ಕೂ ಅವನು ಬೇಕು; ಕುಣಿಯುವವರ ಕಾಲಿಗೆ ಅವನೇ ಗತಿ. 1651ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್ ಎಂಬಾತ 'ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್' ಎಂಬ ಪುಸ್ತಕವನ್ನು ಹೊರತಂದ. ನೂರಕ್ಕೆ ಮಿಕ್ಕ ಕುಣಿತಗಳು ಅದರಲ್ಲಿದ್ದವು. ಮೇಲೆ ಒಂದು ಮಟ್ಟಿನ ಸ್ವರಲಿಪಿ, ಕೆಳಗೆ ಹೆಜ್ಜೆ ಹಾಕುವ ಕ್ರಮ, ಇಷ್ಟೇ ಅದರ ಪಾಠ. ಮುಂದಿನ ಮುಕ್ಕಾಲು ಶತಮಾನದಲ್ಲಿ ಅದು ಹದಿನೆಂಟು ಆವೃತ್ತಿಗಳನ್ನು ಕಂಡಿತು. ಅದನ್ನು ನೋಡಿ ಬೇರೆ ಪ್ರಕಾಶಕರೂ ಅಂಥ ಪುಸ್ತಕಗಳನ್ನು ಅಚ್ಚುಹಾಕಿದರು. ಹಾಡಿನ ಮಾತು ಮರೆತರೂ ಮಟ್ಟು ಉಳಿಯುವ ವ್ಯವಸ್ಥೆ ಹೀಗೆ ಆಯಿತು. ಇಂಗ್ಲಿಷ್, ಐರಿಷ್, ಸ್ಕಾಟಿಷ್ ಎಂಬ ಭೇದವನ್ನು ಆ ಪುಸ್ತಕಗಳು ಹೆಚ್ಚಾಗಿ ಎಣಿಸಲಿಲ್ಲ. ಕಾಲು ಒಪ್ಪಿದ್ದನ್ನೆಲ್ಲ ಸೇರಿಸಿಕೊಂಡವು.

ಹಾಗೆ 1740ರ ದಶಕದಲ್ಲಿ ಲಂಡನ್ನಿನ ಅಚ್ಚಿಗೆ ಬಂದ ಮಟ್ಟುಗಳಲ್ಲಿ 'ರೇಕ್ಸ್ ಆಫ್ ಮ್ಯಾಲೋ' ಒಂದು. ಮ್ಯಾಲೋ ಐರ್ಲೆಂಡಿನ ಕಾರ್ಕ್ ಪ್ರಾಂತದ ಊರು. ಅಲ್ಲಿಯ ಬುಗ್ಗೆಯ ನೀರು ರೋಗಹರವೆಂದು ಪ್ರಸಿದ್ಧಿಯಾಗಿ, ಹಣವಂತರು ಅಲ್ಲಿಗೆ ಬಂದು ತಂಗುತ್ತಿದ್ದರು. ಬಂದವರಲ್ಲಿ ನೀರಿಗಿಂತ ಬೇರೆಯದನ್ನೇ ಹೆಚ್ಚಾಗಿ ಕುಡಿದು ಆಸ್ತಿ ಕರಗಿಸುವ ಪೋಲಿ ಯುವಕರೂ ಇದ್ದರು. ಅವರೇ ಈ ಮಟ್ಟಿನ ಹೆಸರಿನಲ್ಲಿರುವ 'ರೇಕ್'ಗಳು. ಮಟ್ಟಿನ ಅಂಗಗಳು ಎರಡೇ. ಒಂದೊಂದನ್ನೂ ಮರಳಿಸಿ ನುಡಿಸಬೇಕು. ಮತ್ತೆ ಮೊದಲಿಗೆ ಬರಬೇಕು. ಕುಣಿಯುವವರು ದಣಿಯುವವರೆಗೆ ಹೀಗೇ ಸಾಗಬೇಕು. ಸ್ವರಗಳು ಮೆಟ್ಟಿಲು ಹಾರುವ ಹುಡುಗರಂತೆ ಎಗರುತ್ತವೆ. ಗಮಕವಿಲ್ಲ, ನಿಲುಗಡೆಯಿಲ್ಲ.

ಈ ಕುಡುಕರ ಮಟ್ಟು ಮುಂದೆ ಎಲ್ಲಿ ಹೋಗಿ ನಿಂತಿತು? ಮಧುರೆಯ ಮೀನಾಕ್ಷಿಯ ಸನ್ನಿಧಿಯಲ್ಲಿ.

ಮುತ್ತುಸ್ವಾಮಿ ದೀಕ್ಷಿತರು (1775–1835) ಯೌವನದಲ್ಲಿ ತಂದೆ ತಮ್ಮಂದಿರೊಡನೆ ಮದರಾಸಿನ ಸಮೀಪದ ಮಣಲಿಯಲ್ಲಿದ್ದರು. ಅವರ ಪೋಷಕರಾದ ಮಣಲಿಯ ಮೊದಲಿಯಾರರು ಈಸ್ಟ್ ಇಂಡಿಯಾ ಕಂಪೆನಿಯ ದುಭಾಷಿಗಳು. ಅವರ ಮೂಲಕ ಸೇಂಟ್ ಜಾರ್ಜ್ ಕೋಟೆಯ ವಾದ್ಯಮೇಳವನ್ನು ಕೇಳುವ ಅವಕಾಶ ಸೋದರರಿಗೆ ದೊರೆಯಿತು. ತಮ್ಮನಾದ ಬಾಲುಸ್ವಾಮಿ ದೀಕ್ಷಿತರು (1786–1858) ಯೂರೋಪಿಯನ್ ಒಬ್ಬರಿಂದ ಪಿಟೀಲನ್ನು ಕಲಿತು, ನಮ್ಮ ಸಂಗೀತವನ್ನು ಅದರ ಮೇಲೆ ನುಡಿಸಿದರು. ಅಣ್ಣನವರು ತಾವು ಕೇಳಿದ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕೂಡಿಸಿದರು. ಇಂಥವು ಸುಮಾರು ನಲವತ್ತು ದೊರೆತಿವೆ. 'ನೋಟುಸ್ವರ'ಗಳೆಂದು ಅವುಗಳಿಗೆ ಹೆಸರು. 'ವಂದೇ ಮೀನಾಕ್ಷಿ' ಎಂದು ಮೊದಲಾಗುವ ನೋಟುಸ್ವರದ ಮಟ್ಟು ನಾನು ಮೇಲೆ ಹೇಳಿದ 'ರೇಕ್ಸ್ ಆಫ್ ಮ್ಯಾಲೋ' ತಾನೆ. ಇಂದು ಸಂಗೀತಶಾಲೆಗಳಲ್ಲಿ ಚಿಕ್ಕ ಮಕ್ಕಳು ಅದನ್ನು ಕೈತಟ್ಟಿಕೊಂಡು ಹಾಡುತ್ತವೆ. ಮ್ಯಾಲೋ ಎಂಬ ಊರನ್ನು ಅವು ಕೇಳಿಯೂ ಇಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ.

ದೀಕ್ಷಿತರು ಅನುಕರಣಕ್ಕೆ ಇಳಿದರೆನ್ನುವುದು ಸರಿಯಲ್ಲ. ಅವರ ದೊಡ್ಡ ಕೃತಿಗಳ ವಿಳಂಬದ ಗಾಂಭೀರ್ಯಕ್ಕೂ ಈ ಮಟ್ಟುಗಳ ಎಗರಾಟಕ್ಕೂ ಇರುವ ಅಂತರ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಂತರವನ್ನು ಅರಿತೇ ಅವರು ಮಟ್ಟನ್ನು ಮಟ್ಟಾಗಿ ಬಿಟ್ಟರು. ಅದಕ್ಕೆ ಬಲವಂತದಿಂದ ಗಮಕ ತೊಡಿಸಲಿಲ್ಲ. ಮಾತನ್ನು ಮಾತ್ರ ದೇವರ ಕಡೆಗೆ ತಿರುಗಿಸಿದರು. ಅತಿಥಿಯನ್ನು ಮನೆಗೆ ಕರೆದವನು ಅವನ ಉಡುಪನ್ನು ಕಳಚಿಸುವುದಿಲ್ಲ. ಮಣೆ ಹಾಕಿ ಕೂರಿಸುತ್ತಾನೆ. ಪಿಟೀಲಿನ ವಿಷಯದಲ್ಲಿ ಮಾತ್ರ ನಮ್ಮವರು ಹೆಚ್ಚಿನ ಸ್ವಾತಂತ್ರ್ಯ ವಹಿಸಿದರು. ನಿಂತು ನುಡಿಸುವ ವಾದ್ಯವನ್ನು ನೆಲಕ್ಕೆ ಕೂರಿಸಿದರು. ಅದರ ತಲೆಯನ್ನು ಬಲಗಾಲಿನ ಗಿಣ್ಣಿನ ಬಳಿ ಊರಿದರು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿದರು. ಇನ್ನೂರು ವರ್ಷಗಳಲ್ಲಿ ಅದು ಎಷ್ಟರಮಟ್ಟಿಗೆ ನಮ್ಮದಾಯಿತೆಂದರೆ, ಪಕ್ಕದಲ್ಲಿ ಪಿಟೀಲಿಲ್ಲದ ಹಾಡುಗಾರಿಕೆ ಇಂದು ಅಪರೂಪ.

ಇಲ್ಲಿ ಒಂದು ಆಕ್ಷೇಪ ಬರಬಹುದು, ಬರಲೇಬೇಕು. "ಕೋಟೆಯ ವಾದ್ಯಮೇಳ ವಿನೋದಕ್ಕಾಗಿ ಬಂದದ್ದಲ್ಲ, ಅದು ಸೈನ್ಯದ ಹಿಂದೆ ಬಂದದ್ದು. ಆಳುವವನ ಮಟ್ಟನ್ನು ಆಳಿಸಿಕೊಳ್ಳುವವನು ಹಾಡಿದರೆ ಅದಕ್ಕೆ ಔದಾರ್ಯವೆನ್ನಬೇಕೆ, ದೈನ್ಯವೆನ್ನಬೇಕೆ?" ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸಾಧ್ಯವಿಲ್ಲ. 1745ರಲ್ಲಿ ಲಂಡನ್ನಿನ ನಾಟಕಶಾಲೆಗಳಲ್ಲಿ ಪ್ರಸಿದ್ಧಿಗೆ ಬಂದ ರಾಜಗೀತೆಯನ್ನು ನಮ್ಮ ಹಿಂದಿನ ತಲೆಮಾರಿನವರು ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಂತು ಹಾಡಬೇಕಾಗಿತ್ತು. ಹಾಗೆ ಹಾಡಿದ ಹಿರಿಯರು ಸ್ವರಾಜ್ಯ ಬಂದಮೇಲೂ ಆ ಮಟ್ಟನ್ನು ಕೇಳಿದರೆ ಮುಖ ಸಿಂಡರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ.

ಆದರೆ ಅದೇ ರಾಜಗೀತೆಯ ಮಟ್ಟಿಗೆ ದೀಕ್ಷಿತರು ಏನು ಮಾಡಿದರೆಂಬುದನ್ನು ಗಮನಿಸಬೇಕು. 'ಸಂತತಂ ಪಾಹಿ ಮಾಂ' ಎಂಬ ನೋಟುಸ್ವರ ಆ ಮಟ್ಟಿನದೇ. ಮೂಲದಲ್ಲಿ ದೇವರು ದೊರೆಯನ್ನು ಕಾಪಾಡಬೇಕು. ಇಲ್ಲಿ ಸಂಗೀತಶ್ಯಾಮಲೆ ಹಾಡುವವನನ್ನೇ ಕಾಪಾಡಬೇಕು. ನಡುವೆ ದೊರೆಯೇ ಇಲ್ಲ! ಅದು ದೈನ್ಯವಾಗಿದ್ದರೆ ದೊರೆಯ ಹೆಸರು ಎಲ್ಲಾದರೂ ಒಂದು ಕಡೆ ಇಣುಕುತ್ತಿತ್ತು. ಆದುದರಿಂದ ನನಗೆ ತೋರುವುದಿಷ್ಟು: ಮಟ್ಟು ಒಂದು ನಾಡಿನಿಂದ ಇನ್ನೊಂದಕ್ಕೆ ಎರಡು ದಾರಿಯಲ್ಲಿ ಬರುತ್ತದೆ, ಅಪ್ಪಣೆಯಿಂದ ಮತ್ತು ಆಸೆಯಿಂದ. ಅಪ್ಪಣೆಯಿಂದ ಬಂದದ್ದು ಅಪ್ಪಣೆ ಕೊಟ್ಟವನೊಡನೆಯೇ ಹೊರಟುಹೋಗುತ್ತದೆ. ಆಸೆಯಿಂದ ತಂದುಕೊಂಡದ್ದು ಉಳಿಯುತ್ತದೆ. ಶಾಲೆಯ ಅಂಗಳದ ರಾಜಗೀತೆ 1947ರಲ್ಲಿ ಹೋಯಿತು. ಶ್ಯಾಮಲೆಯ ಹಾಡು ಉಳಿದಿದೆ.

ಕನ್ನಡನಾಡಿಗೆ ಈ ಕಥೆ ದೂರದ್ದಲ್ಲ. ದೀಕ್ಷಿತರ ಶಿಷ್ಯರಾದ ತಂಜಾವೂರಿನ ಸೋದರ ಚತುಷ್ಟಯರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಆ ನಾಲ್ವರಲ್ಲೊಬ್ಬರಾದ ವಡಿವೇಲು ಅವರು ಪಿಟೀಲಿನಲ್ಲಿ ಹೆಸರಾದವರು. ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲನ್ನು ಕೊಟ್ಟು ಗೌರವಿಸಿದರು. ನಮ್ಮೂರಿನ ಮೇಲಿರುವ ಕೆಮ್ಮಣ್ಣುಗುಂಡಿಯಲ್ಲಿ ಬೇಸಗೆಯನ್ನು ಕಳೆಯುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕರ್ನಾಟಕ ವಾದ್ಯಮೇಳವೂ ಪಾಶ್ಚಾತ್ಯ ವಾದ್ಯಮೇಳವೂ ಜೊತೆಜೊತೆಯಾಗಿ ಬೆಳೆದವು. ಅವರ ತರುವಾಯದ ಜಯಚಾಮರಾಜ ಒಡೆಯರು ತೊಂಬತ್ತಕ್ಕೂ ಮಿಕ್ಕ ಕೃತಿಗಳನ್ನು ನಮ್ಮ ಪದ್ಧತಿಯಲ್ಲಿ ರಚಿಸಿದರು. ಅವರೇ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಆಶ್ರಯದಾತರಾಗಿ, 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕೊನೆಯ ಗೀತೆಗಳು ಅಲ್ಲಿ ಮೊದಲ ಬಾರಿಗೆ ಕೇಳಿಬರುವಂತೆ ಮಾಡಿದರು. ಕೊಡುವ ಕೈ ಆ ವೇಳೆಗೆ ಮೈಸೂರಿನದಾಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1926ರಲ್ಲಿ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಬಂದಾಗ ಹೊಸಗನ್ನಡ ಕವಿತೆಗೆ ಹೊಸ ಕಾಲು ಬಂತು. ಆ ಪುಸ್ತಕದಲ್ಲಿರುವ ಕವಿಗಳಲ್ಲಿ ಒಬ್ಬನಾದ ಬರ್ನ್ಸ್ ತನ್ನ ಎಷ್ಟೋ ಹಾಡುಗಳನ್ನು ಹಳ್ಳಿಯ ಪಿಟೀಲಿನವರ ಹಳೆಯ ಮಟ್ಟುಗಳಿಗೆ ಹೊಂದಿಸಿಯೇ ಬರೆದವನು. ಹಾಗೆ ನೋಡಿದರೆ, ನವೋದಯದ ನಮ್ಮ ಲಯದ ಬೇರಿನಲ್ಲಿ ಎಲ್ಲೋ ಒಂದು ಕಡೆ ಸ್ಕಾಟ್ಲೆಂಡಿನ ಪಿಟೀಲಿನ ಸದ್ದೂ ಇದೆ. ನಮ್ಮ ನಾಟಕ ಕಂಪೆನಿಗಳ ಹಾಡಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಮಟ್ಟು ಎಂದು ಅಚ್ಚುಹಾಕುತ್ತಿದ್ದರು. ಮಟ್ಟು ಮರಾಠಿಯದೋ ಪಾರಸಿಯದೋ ಎಂದು ಮುಚ್ಚಿಡುತ್ತಿರಲಿಲ್ಲ. ಸಾಲ ಮಾಡಿದರು, ಸಾಲವನ್ನು ಒಪ್ಪಿಕೊಂಡರು. ಅದು ಮರ್ಯಾದಸ್ಥರ ಲಕ್ಷಣ.

ಶುದ್ಧಿಯ ಹೆಸರಿನಲ್ಲಿ ಬಾಗಿಲು ಹಾಕಿದರೆ ಆಗುವುದೇನೆಂಬುದಕ್ಕೂ ಒಂದು ನಿದರ್ಶನವಿದೆ. 1842ರಲ್ಲಿ ಪ್ಯಾರಿಸ್ಸಿನ ದೆಬೇನ್ ಎಂಬಾತ ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದ. ಅದು ನಮ್ಮ ರಂಗಭೂಮಿಯ ಉಸಿರಾಯಿತು. ಆದರೆ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಈ ನಿಷೇಧಕ್ಕೆ ಒತ್ತಾಸೆಯಾದವರಲ್ಲಿ ಜಾನ್ ಫೋಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರನೂ ಇದ್ದನೆಂಬುದು ವಿನೋದ! ಮೂವತ್ತು ವರ್ಷ ಬಾಗಿಲು ಹಾಕಿದ್ದರೂ ಭಜನೆಯ ಮನೆಗಳಲ್ಲಿ, ಹರಿಕಥೆಯಲ್ಲಿ, ನಾಟಕದಲ್ಲಿ ಹಾರ್ಮೋನಿಯಂ ನಿಲ್ಲಲಿಲ್ಲ.

ಹೊರಗಿನಿಂದ ಬಂದದ್ದರ ಮಾತು ಇಷ್ಟು ಸಾಕು. ಇನ್ನು ನಮ್ಮದೆಂದು ನಾವು ಹೇಳಿಕೊಳ್ಳುವುದರ ಗತಿಯೇನೆಂದು ಕೇಳಿಕೊಳ್ಳಬೇಕು. ನನಗೆ ನಿಜವಾಗಿ ನೋವಾಗಿರುವುದು ಇಲ್ಲಿ.

ಜಾನ್ ಕ್ಲೇರ್ ಎಂಬ ಇಂಗ್ಲಿಷ್ ಕವಿಯನ್ನು (1793–1864) ನಮ್ಮ ವಿದ್ಯಾರ್ಥಿಗಳು ಓದಿರಬಹುದು. ಕೂಲಿಮಾಡಿ ಬದುಕಿದ ಬಡವ, ಜೊತೆಗೆ ಪಿಟೀಲು ಬಲ್ಲವ. ತನ್ನ ಸುತ್ತಿನ ಕುಣಿತದ ಮಟ್ಟುಗಳನ್ನು ಇನ್ನೂರಕ್ಕೂ ಹೆಚ್ಚಾಗಿ ಸ್ವಹಸ್ತದಿಂದ ಬರೆದಿಟ್ಟ. ಥಾಮಸ್ ಹಾರ್ಡಿಯ ಮನೆಯಲ್ಲೂ ಪಿಟೀಲಿತ್ತು, ಮಟ್ಟು ಬರೆದ ಪುಸ್ತಕಗಳಿದ್ದವು. 1872ರ ತನ್ನ ಕಾದಂಬರಿಯಲ್ಲಿ ಆತ ಇಗರ್ಜಿಯ ಪಿಟೀಲಿನವರನ್ನು ಹೊಸ ಆರ್ಗನ್ ವಾದ್ಯ ಹೊರಗಟ್ಟಿದ ಕಥೆಯನ್ನೇ ಹೇಳಿದ್ದಾನೆ. ಆ ಮೇಳಗಳು ಹೋದವು. ಬರೆದಿಟ್ಟ ಮಟ್ಟುಗಳು ಉಳಿದವು. ದೀಕ್ಷಿತರ ನೋಟುಸ್ವರಗಳು ಉಳಿದದ್ದೂ ಹಾಗೆಯೇ. ತೆಲುಗಿನ ಸೇವೆಗೆ ಹೆಸರಾದ ಸಿ.ಪಿ. ಬ್ರೌನರ ಹಸ್ತಪ್ರತಿಗಳಲ್ಲಿ ಕೆಲವು ಉಳಿದವು. 1893ರಲ್ಲಿ ಚಿನ್ನಸ್ವಾಮಿ ಮೊದಲಿಯಾರರು ಕೆಲವನ್ನು ಪಾಶ್ಚಾತ್ಯ ಲಿಪಿಯಲ್ಲಿ ಅಚ್ಚುಹಾಕಿದರು. 1905ರಲ್ಲಿ ಸುಬ್ಬರಾಮ ದೀಕ್ಷಿತರು ಮಕ್ಕಳ ಪಾಠಪುಸ್ತಕಕ್ಕೆ ಸೇರಿಸಿದರು.

ನಮ್ಮಲ್ಲಿ 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಹೊರತಂದರು. ಅದಕ್ಕಾಗಿ ಕನ್ನಡಿಗರು ಎಂದೆಂದಿಗೂ ಋಣಿಗಳು. ಅದರ ತರುವಾಯ ಬಂದ ಸಂಗ್ರಹಗಳು ಒಂದು ಕಪಾಟನ್ನು ತುಂಬುತ್ತವೆ. ಆದರೆ ಅವುಗಳಲ್ಲಿ ಬಹುಮಟ್ಟಿಗೆ ಮಾತು ಉಂಟು, ಮಟ್ಟಿಲ್ಲ. ತ್ರಿಪದಿಯ ಅಕ್ಷರಗಳನ್ನು ಎಣಿಸಿ ಪ್ರಬಂಧ ಬರೆಯುತ್ತೇವೆ. ಬೀಸುವಾಗ ಅದು ಯಾವ ಸ್ವರದಲ್ಲಿ ಏರಿ ಯಾವುದರಲ್ಲಿ ಇಳಿಯುತ್ತಿತ್ತೆಂದು ಕೇಳಿದರೆ ಉತ್ತರವಿಲ್ಲ. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳ ನಾಲಿಗೆ ತೊಡರುವ ಮಾತು ಕನ್ನಡದ ಮಕ್ಕಳಿಗೆಲ್ಲ ಬರುತ್ತದೆ. ಅದೇ ತರೀಕೆರೆ ಸೀಮೆಯ ಓಲಗದ ಮಟ್ಟು ಒಂದಾದರೂ ಯಾರಿಗೆ ಬರುತ್ತದೆ?

ಮದುವೆಯ ಮಾರನೆಯ ವಾರ ನಾನು ಆ ನಾಗಸ್ವರದವನನ್ನು ಹುಡುಕಿಕೊಂಡು ಹೋಗಿದ್ದೆ. ಸುಮ್ಮನಿದ್ದ ತಪ್ಪಿಗೆ ಅದು ಪ್ರಾಯಶ್ಚಿತ್ತವೆಂದುಕೊಂಡಿದ್ದೆ. ಅವನು ಮಾತಾಡುತ್ತ, ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತಿಗೆ ತನ್ನ ತಾತನ ಕಾಲದಿಂದ ನುಡಿಸುತ್ತಿದ್ದ ಒಂದು ಮಟ್ಟು ಇದೆಯೆಂದ. ಅದಕ್ಕೆ ಹೆಸರಿಲ್ಲ, ಮಾತಿಲ್ಲ. "ಈಗ ಯಾರೂ ಕೇಳಲ್ಲ ಮೇಷ್ಟ್ರೇ. ಆ ಹೊತ್ತಿಗೆ ಸಿನಿಮಾ ಹಾಡು ಹಾಕ್ತಾರೆ" ಎಂದು ನಕ್ಕ. ಎರಡು ಸಾಲು ನುಡಿಸಿಯೂ ತೋರಿಸಿದ. ಮೊದಲು ಏರಿ, ಏರಿದಲ್ಲೇ ತಡವರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುವ ಮಟ್ಟು. ನನ್ನ ಬಳಿ ಅಂದು ಕಾಗದವಿರಲಿಲ್ಲ. "ಮಳೆಗಾಲ ಕಳೆಯಲಿ, ಸಾವಧಾನವಾಗಿ ಕೂತು ಬರೆದುಕೊಳ್ಳುತ್ತೇನೆ" ಎಂದು ಹೇಳಿ ಬಂದೆ. ಮಳೆಗಾಲ ಕಳೆಯಿತು. ಅಡಿಕೆಯ ಕೊಯ್ಲು ಬಂತು, ಮನೆಯಲ್ಲಿ ಕೆಲಸ ಬಂತು. ಸಂಕ್ರಾಂತಿಯ ಮುಂಚೆ ಅವನು ತೀರಿಕೊಂಡ ಸುದ್ದಿ ಬಂತು. ಮಗನನ್ನು ಕೇಳಿದೆ, ಅವನಿಗೆ ಆ ಮಟ್ಟು ಬರುವುದಿಲ್ಲ. ನನ್ನ ಕಿವಿಯಲ್ಲಿ ಉಳಿದಿರುವುದು ಮೊದಲ ಏರಿಕೆ ಮಾತ್ರ. ಎರಡನೆಯ ಸಾಲು ಎಲ್ಲಿ ಇಳಿಯುತ್ತಿತ್ತೆಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಮ್ಯಾಲೋ ಊರಿನ ಪೋಲಿಗಳ ಮಟ್ಟು ಎರಡು ಸಮುದ್ರ ದಾಟಿ, ಮುನ್ನೂರು ವರ್ಷಕ್ಕೆ ಸಮೀಪವಾದ ಆಯುಸ್ಸನ್ನು ಪಡೆದು, ನಮ್ಮ ಮಕ್ಕಳ ಬಾಯಲ್ಲಿ ನಲಿದಾಡುತ್ತಿದೆ. ಲಿಂಗದಹಳ್ಳಿಯ ಹೆಣ್ಣುಮಕ್ಕಳನ್ನು ಎಷ್ಟೋ ವರ್ಷ ಗಂಡನ ಮನೆಗೆ ಕಳುಹಿಸಿಕೊಟ್ಟ ಮಟ್ಟು ಒಂದು ಮಳೆಗಾಲವನ್ನು ದಾಟಲಿಲ್ಲ. ಇದಕ್ಕೆ ಇಂಗ್ಲಿಷರನ್ನು ದೂರುವುದೆ? ಚಪ್ಪರದಲ್ಲಿ ಎದ್ದುನಿಂತು ಆಕ್ಷೇಪಿಸಿದ ಮಹನೀಯರು ನಮ್ಮದನ್ನು ಕಾಯುತ್ತಿದ್ದೇನೆಂದು ನಂಬಿದ್ದರು. ಅವರು ಬಾಗಿಲನ್ನು ಕಾಯುತ್ತಿದ್ದರು. ಒಳಗೆ ಕಣಜ ಬರಿದಾಗುತ್ತಿತ್ತು. ಹಾಗೆ ಹೇಳುವ ನಾನು ಅವರಿಗಿಂತ ಮೇಲೇನಲ್ಲ. ಅವರು ತಿಳಿಯದೆ ತಡೆದರು. ನಾನು ತಿಳಿದೂ ತಡಮಾಡಿದೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೇ. ಕ್ಲೇರ್ ಕವಿಗೆ ಲೇಖನಿಯೊಂದೇ ಇತ್ತು. ಇಂದು ನಿಮ್ಮಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ದನಿಯನ್ನು ಹಿಡಿದಿಡುವ ಯಂತ್ರವಿದೆ. ನಿಮ್ಮ ಊರಿನ ಓಲಗದವರ ಬಳಿಗೆ, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಬಳಿಗೆ, ವೀರಗಾಸೆಯವರ ಬಳಿಗೆ, ಸೋಬಾನೆ ಹಾಡುವ ಅಜ್ಜಿಯ ಬಳಿಗೆ ಹೋಗಿ. ಮಟ್ಟನ್ನು ಹಿಡಿದಿಡಿ. ಜೊತೆಗೆ ಯಾರು ನುಡಿಸಿದರು, ಯಾರಿಂದ ಕಲಿತರು, ಯಾವ ಹೊತ್ತಿನದು ಎಂಬುದನ್ನೂ ಬರೆದಿಡಿ. ಸ್ವರ ಬಲ್ಲವರಿದ್ದರೆ ಸ್ವರವನ್ನೂ ಬರೆಸಿಡಿ. ಯಂತ್ರ ಕೆಟ್ಟರೂ ಕಾಗದ ಉಳಿದೀತು. ಅವುಗಳಲ್ಲಿ ಒಂದು ಮರಾಠಿಯಿಂದಲೋ ತೆಲುಗಿನಿಂದಲೋ ಐರ್ಲೆಂಡಿನಿಂದಲೋ ಬಂದದ್ದೆಂದು ಗೊತ್ತಾದರೆ ಅದನ್ನೂ ಸಂತೋಷದಿಂದ ಬರೆಯಿರಿ. ಮಟ್ಟಿಗೆ ಯಾವ ಊರು ಎಂದು ಕೇಳುವುದು ತಪ್ಪಲ್ಲ. ಹೊರಗಟ್ಟುವುದಕ್ಕಾಗಿ ಕೇಳಬಾರದು, ನೆನಪಿಡುವುದಕ್ಕಾಗಿ ಕೇಳಬೇಕು.

ಇನ್ನೊಂದು ಮಾತು. ಮಳೆಗಾಲ ಕಳೆಯಲಿ ಎನ್ನಬೇಡಿ.